ಅಕ್ಕನಿಗೆ ಹೆದರಿಕೆಯಿತ್ತು

ಮಂಗಳವಾರ, ಮಧ್ಯಾಹ್ನ
ಮುದ್ರಣಾಲಯದಿಂದ

ಅಮ್ಮಾ,

ಹೇಗಿದ್ದೀಯಾ ಎಂದು ಆಮೇಲೆ ಕೇಳುತ್ತೇನೆ. ಮೊದಲು ಇದಕ್ಕೆ ಉತ್ತರ ಕೊಡು. ಅಕ್ಕನ ಬಗ್ಗೆ ಮಾವ ಬರೆದ ಪುಸ್ತಕವನ್ನು ನೀನು ಓದಿ ಒಪ್ಪಿದೆಯಾ, ಇಲ್ಲ ತಮ್ಮ ಬರೆದಿದ್ದಾನಲ್ಲ ಎಂದು ಕಣ್ಣು ಮುಚ್ಚಿಕೊಂಡು ಸಹಿ ಹಾಕಿದೆಯಾ?

ಅದು ಅಚ್ಚಿಗೆ ಬಂದಿರುವುದು ನಮ್ಮಲ್ಲಿಗೇ. ಕರಡು ತಿದ್ದುವವಳು ನಾನೇ. ಹದಿನಾಲ್ಕನೆಯ ಪುಟದಲ್ಲಿ ‘ಹೆದರಿಕೆ ಎಂದರೇನೆಂದೇ ಅರಿಯದ ವೀರಾಂಗನೆ, ಗುಂಡಿನ ಮಳೆಯಲ್ಲೂ ಹೆಲಿಕಾಪ್ಟರನ್ನು ಹೂವಿನಂತೆ ಇಳಿಸಿದಳು’ ಎಂದಿದೆ. ಓದಿ ಮೈಯೆಲ್ಲ ಉರಿಯಿತು. ಮಾವನಿಗೇನಮ್ಮ ಗೊತ್ತು? ಲಿಫ್ಟು ಮೇಲೇರಿದರೆ ಗೋಡೆ ಹಿಡಿದುಕೊಂಡು ದೇವರನ್ನು ನೆನೆಯುವ ಮನುಷ್ಯ.

ಅಕ್ಕನಿಗೆ ಹೆದರಿಕೆಯಿತ್ತು. ಯುದ್ಧದಲ್ಲಿ ಗಾಯಗೊಂಡವರನ್ನು ಹೆಲಿಕಾಪ್ಟರಿನಲ್ಲಿ ಹೊತ್ತು ತರಲು ಹೊರಡುವ ಪ್ರತಿ ಬೆಳಿಗ್ಗೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಕೈ ನಡುಗುವುದು ಕಾಣದಿರಲೆಂದು ಎಲ್ಲರಿಗಿಂತ ಮೊದಲೇ ಕೈಗವಸು ಹಾಕಿಕೊಳ್ಳುತ್ತಿದ್ದಳಂತೆ. ರಜೆಗೆ ಬಂದಾಗ ನನ್ನ ಹಾಸಿಗೆಯ ತುದಿಯಲ್ಲಿ ಕೂತು ಹೇಳಿದ್ದಳು. ‘ಕೆಳಗಿಳಿಸೋವಾಗ ಕಾಲು ನನ್ನದೇ ಅಲ್ಲ ಅನ್ಸುತ್ತೆ ಕಣೇ. ಹಿಂದೆ ಸ್ಟ್ರೆಚರ್ ಹತ್ತಿಸಿದ್ದು ಗೊತ್ತಾದ ಮೇಲೇ ಜೀವ ಬರೋದು.’ ಅಮ್ಮನಿಗೆ ಹೇಳಬೇಡ ಎಂದು ಮಾತನ್ನೂ ತೆಗೆದುಕೊಂಡಿದ್ದಳು. ಇವತ್ತು ಮಾತು ತಪ್ಪಿದ್ದೇನೆ.

ಹೆದರಿಕೆಯೇ ಇಲ್ಲದವರು ಹೋಗುವುದರಲ್ಲಿ ಏನು ದೊಡ್ಡಸ್ತಿಕೆ? ಅಷ್ಟು ಹೆದರಿಕೊಂಡೂ ನಲವತ್ತು ಸಲ ಹೋಗಿ ಬಂದಳಲ್ಲ, ನಲವತ್ತೊಂದನೆಯ ಸಲವೂ ಹೋಗಿ ಅಲ್ಲೇ ಸತ್ತಳಲ್ಲ, ಅದನ್ನು ಬರೆಯಲಿ. ಹೊಗಳಿ ಅಟ್ಟಕ್ಕೇರಿಸುವ ಭರದಲ್ಲಿ ಮಾವ ಅವಳನ್ನೇ ಅಳಿಸಿಹಾಕಿದ್ದಾರೆ. ನನಗೆ ಆ ಪುಟದಲ್ಲಿ ನಮ್ಮ ಅಕ್ಕ ಕಾಣುತ್ತಿಲ್ಲ.

ಫೋನ್ ಮಾಡಿ ಕೇಳಿದರೆ, ಇಂಥದ್ದನ್ನೆಲ್ಲ ಹೊರಗೆ ಹೇಳಿದರೆ ಮನೆತನದ ಮರ್ಯಾದೆ ಏನಾಗಬೇಕು, ನೀನು ಕಾಗುಣಿತ ನೋಡಿಕೊಂಡರೆ ಸಾಕು ಎಂದರು. ಕಾಗುಣಿತವೆಲ್ಲ ಸರಿಯಾಗಿದೆ, ಬರೆದದ್ದೇ ಸುಳ್ಳು ಎಂದು ಕಡ್ಡಿ ಮುರಿದ ಹಾಗೆ ಹೇಳಿ ಫೋನಿಟ್ಟೆ.

ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಅಂಚಿನಲ್ಲಿ ‘ಹೆದರಿಕೆಯಿತ್ತು, ಆದರೂ ಹೋದಳು’ ಎಂದು ಬರೆದಿದ್ದೇನೆ. ಮನೆಯವರ ಒಪ್ಪಿಗೆಗೆ ಸಹಿ ಹಾಕಿದವಳು ನೀನು, ಈಗಲೂ ನಿನ್ನ ಸಹಿಯಿಲ್ಲದೆ ನಮ್ಮ ಮಾಲೀಕರು ಬದಲಿಸುವುದಿಲ್ಲ. ಗುರುವಾರ ಅಚ್ಚು. ಕರಡು ಇದರ ಜೊತೆಗೇ ಇದೆ. ತಂದವರನ್ನು ಕೂರಿಸಿ, ಸಹಿ ಹಾಕಿ ಅವರ ಕೈಯಲ್ಲೇ ಕಳಿಸು. ತಮ್ಮನಿಗೆ ಬೇಜಾರಾದೀತೆಂದು ಮೀನಮೇಷ ಎಣಿಸುತ್ತ ಕೂರಬೇಡ. ಅವರ ಬೇಜಾರು ನಾಲ್ಕು ದಿನದ್ದು, ಅಚ್ಚಾದದ್ದು ಹಾಗೇ ಉಳಿಯುತ್ತದೆ.

ಮಂಡಿನೋವು ಹೇಗಿದೆ? ಮಾತ್ರೆ ತಪ್ಪಿಸಬೇಡ.

ಎಷ್ಟೇ ಸಿಟ್ಟು ಮಾಡಿಕೊಂಡರೂ ನಿನ್ನವಳೇ ಆದ,
ಚಿಕ್ಕವಳು

ತಾ.ಕ.: ಅಕ್ಕ ಆ ನಲವತ್ತೊಂದನೆಯ ಸಲ ಹೋಗುವ ಹಿಂದಿನ ದಿನ ನನಗೆ ಫೋನ್ ಮಾಡಿದ್ದಳು. ನಾಳೆ ನನ್ನ ಕೈಲಾಗಲ್ಲ ಅಂತ ಮೇಲಿನವರಿಗೆ ಹೇಳಿಬಿಡಲಾ ಎಂದು ಕೇಳಿದಳು. ನನಗೆ ಕೆಲಸದ ಗಡಿಬಿಡಿ. ‘ಪುಕ್ಕಲಿ, ಸುಮ್ನೆ ಹೋಗೇ’ ಎಂದು ನಕ್ಕೆ. ಅವಳೂ ನಕ್ಕು, ಸರಿ ಹೋಗ್ತೀನಿ ಎಂದಳು.