ಓರ್ನಾ ಕಳ್ಳಿಯಲ್ಲ

ನಾಯ್ಮಾರ್ಮೂಲೆ
21-9-2014, ಭಾನುವಾರ

ಚಿತ್ರಾ,

ಬರೆಯುತ್ತಿರುವುದಕ್ಕೇ ಸಾರಿ. ಒಂದು ಸಿನಿಮಾದ ವಿಷಯಕ್ಕೆ ಪತ್ರವಾ ಅಂತ ನೀನು ನಗಬಹುದು. ಆದರೆ ಇಲ್ಲಿ ಫಸ್ಟ್ ಇಯರ್‌ನವರಿಗೆ ಮೊಬೈಲ್ ಇಲ್ಲ, ಹಾಸ್ಟೆಲ್ ಫೋನಿನ ಪಕ್ಕದಲ್ಲಿ ವಾರ್ಡನ್ ಕೂತಿರುತ್ತಾರೆ. ಮೊನ್ನೆ ನೀನು ಕಾಲ್ ಮಾಡಿದಾಗ ನಾನು ಬರೀ ಹ್ಞೂಂ ಹ್ಞೂಂ ಅಂದದ್ದು ಅದಕ್ಕೆ. ಒಪ್ಪಿಕೊಂಡದ್ದಲ್ಲ.

ನೀನು ಹೇಳಿದ್ದು ನನಗೆ ಬಾಯಿಪಾಠ ಆಗಿದೆ. “ಕ್ಲಾಸಿನವರೊಟ್ಟಿಗೆ ಮಂಗಳೂರಿಗೆ ಹೋಗಿ ನೋಡಿದೆ ಮಾರಾಯ್ತಿ, ಸೂಪರ್ ಉಂಟು, ಪುಸ್ತಕದಲ್ಲಿ ಇದ್ದ ಹಾಗೆಯೇ ತೆಗೆದಿದ್ದಾರೆ. ಆ ಕಳ್ಳಿ ಓರ್ನಾಳನ್ನು ಕೋಟೆಯಿಂದ ಹೊರಗೆ ಹಾಕುವಾಗ ಎಲ್ಲರೂ ಸಿಳ್ಳೆ ಹೊಡೆದರು, ನಾನೂ ಹೊಡೆದೆ” ಅಂತ.

ಒಟ್ಟಿಗೆ ನೋಡುವ ಅಂತ ಮಾತಾಗಿತ್ತು, ಅದು ಹೋಗಲಿ. ನಿನ್ನೆ ನಾನು ರೂಮ್‌ಮೇಟ್ ಶಮೀನಾಳ ಜೊತೆ ಕಾಸರಗೋಡಿನಲ್ಲಿ ನೋಡಿದೆ. ಡ್ರ್ಯಾಗನ್ ಚಂದ ಉಂಟು, ಇದ್ದ ಹಣವೆಲ್ಲ ಅದರ ರೆಕ್ಕೆಗೇ ಹೋಗಿರಬೇಕು. ರಾಜಕುಮಾರಿಯ ಗೆಳತಿ ಓರ್ನಾ ಮಾತಾಡುವಾಗ ತೊದಲುತ್ತಾಳಲ್ಲ, ಅದನ್ನು ಕಾಮಿಡಿ ಮಾಡಿದ್ದಾರೆ. ಆಮೇಲೆ ಅವಳೇ ದುಡ್ಡಿಗೆ ಶತ್ರುಗಳಿಗೆ ಕೋಟೆಯ ಬಾಗಿಲು ತೆರೆದಳು ಅಂತ ತೋರಿಸಿದ್ದಾರೆ. ನನಗೆ ಅಳು ಬಂತು. ಶಮೀನಾ, “ಎಂತ ರಿಫಾ, ಕಳ್ಳಿಗೋಸ್ಕರ ಅಳುವುದಾ?” ಅಂತ ಪಾಪ್‌ಕಾರ್ನ್ ಕೊಟ್ಟಳು.

ಶಮೀನಾ ಪುಸ್ತಕ ಓದಿಲ್ಲ. ನೀನು?

ಪ್ಲಸ್ ಟೂನಲ್ಲಿ ಆ ದಪ್ಪ ಪುಸ್ತಕವನ್ನು ಬ್ಲೇಡಿನಿಂದ ನಡುವೆ ಸೀಳಿ ಎರಡು ಮಾಡಿದವರು ನಾವೇ ಅಲ್ಲವಾ? ಸ್ಟಡಿ ಅವರ್‌ನಲ್ಲಿ ಫಿಸಿಕ್ಸ್ ಪುಸ್ತಕದೊಳಗೆ ಅಡಗಬೇಕಿತ್ತು, ಇಬ್ಬರಿಗೂ ಒಟ್ಟಿಗೆ ಓದಲಿಕ್ಕೂ ಬೇಕಿತ್ತು. ಓದುವುದರಲ್ಲಿ ನಾನು ಮುಂದೆ, ನೀನು ಹಿಂದೆ. ನನ್ನದು ಮುಗಿದ ಮೇಲೆ ಎರಡನೇ ಅರ್ಧವನ್ನೂ ನಿನಗೆ ಕೊಟ್ಟೆ. ಒಂದೇ ವಾರದಲ್ಲಿ ನೀನು “ಓದಿ ಆಯ್ತು, ಸೂಪರ್” ಅಂತ ಹಿಂದೆ ಕೊಟ್ಟೆ.

ಆ ಅರ್ಧದಲ್ಲಿ ಬಾಗಿಲು ತೆರೆಯುವವಳು ರಾಜಕುಮಾರಿ, ಚಿತ್ರಾ. ಗೆಳತಿಗೆ ಶಿಕ್ಷೆಯಾಗಬಾರದು ಅಂತ ಓರ್ನಾ ತೊದಲುತ್ತಲೇ “ನಾನು” ಅನ್ನುತ್ತಾಳೆ. ಕೋಟೆ ಬಿಟ್ಟು ಹಿಮಕ್ಕೆ ಹೋಗುತ್ತಾಳೆ.

ಪ್ಲಸ್ ಟೂ ಹಾಸ್ಟೆಲಿನಲ್ಲಿ, ನಮ್ಮ ಸೋಪಿನ ಪುಡಿಯ ಡಬ್ಬಿಯಲ್ಲಿ ನಿನ್ನ ಮೊಬೈಲ್ ಸಿಕ್ಕಿದ ದಿನ ವಾರ್ಡನ್ ದಮಯಂತಿ ಟೀಚರ್ ನಮ್ಮಿಬ್ಬರನ್ನೂ ನಿಲ್ಲಿಸಿ ಯಾರದ್ದು ಅಂತ ಕೇಳಿದರು. ಗೊತ್ತಾದರೆ ಅಪ್ಪ ಓದು ನಿಲ್ಲಿಸುತ್ತಾರೆ ಅಂತ ನಿನಗೆ ಹೆದರಿಕೆ. “ನನ್ನದು” ಅಂದದ್ದು ನಾನು. ನನ್ನನ್ನು ಹಾಸ್ಟೆಲಿನಿಂದ ತೆಗೆದರು. ಪರೀಕ್ಷೆ ಮುಗಿಯುವವರೆಗೂ ಉಪ್ಪಳದ ಮನೆಯಿಂದ ಬಸ್ಸಿನಲ್ಲಿ ನೇತಾಡಿದೆ. ಮೊಬೈಲ್ ಕೊಟ್ಟದ್ದು ಯಾವ ಹುಡುಗ ಅಂತ ಕೇಳಿ ಕೇಳಿ ಉಮ್ಮ ಆಮೇಲೆ ಮಾತೇ ಬಿಟ್ಟರು. ಈಗಲೂ ಇಲ್ಲಿ ಚೆಕಿಂಗ್‌ಗೆ ಯಾರಾದರೂ ನನ್ನ ಹಾಸಿಗೆ ಎತ್ತಿದರೆ ಕೇಳುವ ಮೊದಲೇ “ನನ್ನದಲ್ಲ” ಅಂದುಬಿಡುತ್ತೇನೆ.

ಅವತ್ತು ಪೆಟ್ಟಿಗೆ ಹಿಡಿದು ಮೆಟ್ಟಿಲು ಇಳಿಯುವಾಗ ನಿನ್ನ ಕಿವಿಯಲ್ಲಿ “ಓರ್ನಾ” ಅಂದಿದ್ದೆ. ನೀನು ಅಳುತ್ತಾ ತಲೆಯಾಡಿಸಿದೆ. ನಿನಗೆ ಅರ್ಥವಾಯಿತು ಅಂದುಕೊಂಡೆ. ಥ್ಯಾಂಕ್ಸ್ ಕೂಡ ಬೇಡ ಅನಿಸಿತ್ತು ನನಗೆ, ಆ ತಲೆಯಾಡಿಸಿದ್ದೇ ಸಾಕಿತ್ತು.

ಸಿನಿಮಾದವರ ಮೇಲೆ ಎಷ್ಟು ಸಿಟ್ಟು ಮಾಡಲಿ? ಅವರಿಗೆ ನನ್ನ ಪರಿಚಯವಿಲ್ಲ. ನೀನು ಸಿಳ್ಳೆ ಹೊಡೆದೆ.

ನಿನ್ನ ಪಕ್ಕದ ಮಂಚದಲ್ಲಿದ್ದವಳು,
ರಿಫಾನಾ

ತಾ.ಕ.: ಇಂಟರ್ವಲ್‌ಗೆ ನಾನು ಎದ್ದು ಬಂದೆ, ಉಳಿದ ಅರ್ಧ ನೋಡಿಲ್ಲ. ಪುಸ್ತಕದ ಕೊನೆಯಲ್ಲಿ ರಾಜಕುಮಾರಿ ಹಿಮದಲ್ಲಿ ನಡೆದು ಹೋಗಿ ಓರ್ನಾಳನ್ನು ಕರೆತರುತ್ತಾಳೆ, ಬಾಗಿಲು ತೆರೆದದ್ದು ನಾನು ಅಂತ ಎಲ್ಲರ ಎದುರು ಹೇಳುತ್ತಾಳೆ. ಸಿನಿಮಾದಲ್ಲಿ ಹೇಳುತ್ತಾಳಾ? ನೀನು ಪೂರ್ತಿ ನೋಡಿದ್ದೀಯಲ್ಲ. ಅದೊಂದು ಬರೆ, ಬೇಗ ಬರೆ.