ಹೊಲಿಗೆಯಾಕೆಯ ಕನ್ನಡ

ಮಾರ್ಚ್ ೧೪, ಗುರುವಾರ.

ನಾಡಿದ್ದು ನನ್ನ ವಿಮಾನ. ಎರಡು ತಿಂಗಳ ಮೊಮ್ಮಗನೊಡನೆ ಮಗಳನ್ನು ಈ ಪರದೇಶದಲ್ಲಿ ಯಾರ ಕೈಗೆ ಒಪ್ಪಿಸಿ ಹೋಗಲಿ ಎಂಬ ಚಿಂತೆ ಬೆಳಗಿನಿಂದ ಕಾಡುತ್ತಿತ್ತು. ಅಳಿಯನ ರಜೆಯೂ ಮುಗಿದಿದೆ.

ಮಧ್ಯಾಹ್ನ ಕೆಳಮನೆಯ ಹೊಲಿಗೆಯಾಕೆ ಬಂದಳು. ಅವಳೂ ಬೇರಾವುದೋ ದೇಶದಿಂದ ಬಂದು ನೆಲೆಸಿದವಳು. ಬಸುರಿಯಾಗಿದ್ದ ಮಗಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವಳು, ನಾನು ಬರುವವರೆಗೆ ಬಾಣಂತನ ಮಾಡಿದವಳು ಇವಳೇ. ನಾನು ಬಂದಮೇಲೆ ಸಂಕೋಚದಿಂದ ಮೇಲೆ ಹತ್ತುವುದನ್ನೇ ಬಿಟ್ಟಿದ್ದಳು.

ಇಂದು ಬಂದವಳೇ ಕೂಸನ್ನು ಎತ್ತಿಕೊಂಡು, "ಸಾಕು, ಮಲಕ್ಕೋ!" ಎಂದು ಮಗಳನ್ನು ಗದರಿದಳು. ಕನ್ನಡದಲ್ಲಿ! ಮಗಳು ಕೂಸಿನೊಡನೆ ಆಡುವ ಮಾತು ಕೇಳಿ ಕಲಿತದ್ದಂತೆ.

"ನೀನು ಹೋದ್ಮೇಲೆ ದಿನಾ ಮಧ್ಯಾಹ್ನ ಬರ್ತಾಳಂತಮ್ಮ," ಎಂದಳು ಮಗಳು.

ನನಗೆ ಕಣ್ಣು ತುಂಬಿತು. ಹೊಲಿಗೆಯಾಕೆ ಗಾಬರಿಯಿಂದ ನನ್ನ ಬೆನ್ನು ತಟ್ಟಿದಳು. "ಅಳಬಾರ್ದು ಪುಟ್ಟಾ. ಜಾಣ ಅಲ್ವಾ ನೀನು? ನಾನಿದೀನಲ್ಲ!"

ಮಗಳು ನಗು ತಡೆಯಲಾರದೆ ದಿಂಬಿಗೆ ಮುಖ ಒತ್ತಿದಳು. ಮೂವತ್ತಾರು ವರ್ಷ ವ್ಯಾಕರಣ ಕಲಿಸಿದವಳು ನಾನು. ಲಿಂಗವೂ ತಪ್ಪು, ವಚನವೂ ತಪ್ಪು. ತಿದ್ದಲೆಂದು ಬಾಯಿ ತೆರೆದೆ. "ಹ್ಞೂಂ" ಎಂಬುದಷ್ಟೇ ಹೊರಟಿತು.

ಎದೆಯ ಭಾರ ಇಳಿದಿದೆ. ಬಹುದಿನಗಳ ಮೇಲೆ ನಿದ್ದೆ ತಾನಾಗಿ ಬರುತ್ತಿದೆ, ಇನ್ನು ಬರೆಯಲು…