ಬ್ರೇಕಿಗೆ ಬಳಿದ ಹರಳೆಣ್ಣೆ

12-6-1974, ಬುಧವಾರ

ಇದನ್ನ ಕದ್ದು ಓದ್ತಿರೋ ನಿಂಗೆ ಬೇರೆ ಕೆಲ್ಸ ಇಲ್ವೇನಲೇ? ಮುದುಕಿ ಪೆಟ್ಟಿಗೆಗೆ ಕೈ ಹಾಕಕೆ ನಾಚಿಕೆ ಇಲ್ವೇ? ಇವತ್ತು ನಾಚಿಕೆ ಮಾತು ನಾನು ಆಡಬಾರದು ಬಿಡು.

ನೆನ್ನೆ ಅಳಿಯ ಮುದ್ದಣ್ಣ ಜೀಪಿನ ನಾಕೂ ಗಾಲಿ ಬಿಚ್ಚಿ, ದಾವಣಗೆರೆಯೆಲ್ಲಾ ಸುತ್ತಿ ಆರಿಸಿ ತಂದಿದ್ದ ಬ್ರೇಕ್ ಲೈನಿಂಗ್ ಪಟ್ಟಿ ಹಾಕಿ, ಉಣ್ಣಕೆ ಒಳಗೆ ಹೋದ. ಮುಟ್ಟಿ ನೋಡಿದ್ರೆ ಒಣರೊಟ್ಟಿ ಹಂಗಿತ್ತು. ಒಣಗಿದ ಅಚ್ಚಲ್ಲಿ ಗಾಡಿ ಹೊರಡಿಸಿದ ಮನೆಯಲ್ಲ ನಮ್ಮದು. ಎತ್ತಿನ ಗಾಡಿಗೆ ಹಚ್ಚೋ ಹರಳೆಣ್ಣೇನ ಅದಕ್ಕೂ ಬಳಿದುಬಿಟ್ಟೆ.

ಇವತ್ತು ರಾಮಗಿರಿ ಇಳಿಜಾರಲ್ಲಿ ಜೀಪು ನಿಲ್ಲದೆ ತಿಮ್ಮರಾಯಪ್ಪನ ಕುರಿದೊಡ್ಡಿಗೆ ನುಗ್ತು. ಕುರಿ ಮೇಯಕೆ ಹೋಗಿದ್ವು, ಉಳಿದ್ವು.

ಮನೆಗೆ ತಂದು ಗಾಲಿ ಬಿಚ್ಚಿದ್ರು. "ಲೈನಿಂಗ್ ಆರ್ಸಕೂ ಬರಲ್ವೇನಪ್ಪ ನಿಂಗೆ? ಇನ್ಮೇಲೆ ಜೀಪು ಮುಟ್ಬೇಡ, ಕೀಲಿ ಇಡು ಇಲ್ಲಿ," ಅಂದ ನನ್ನ ಮಗ, ಊರೋರೆದುರೇ. ಮುದ್ದಣ್ಣ ಲೈನಿಂಗ್ ಸವರಿ ಬೆರಳು ಮೂಸಿದ. ನನ್ನ ಕಡೆ ಒಂದ್ಸಲ ನೋಡಿದ. "ಹೌದು ಭಾವ, ನಂದೇ ತಪ್ಪು," ಅಂದು ಕೀಲಿ ಕೊಟ್ಟ.

ಊರಿಗೆಲ್ಲಾ ಬಯ್ಯೋ ಬಾಯಿ ನಂದು. ಅಳಿಯನ ಎದುರು ಮಾತಾಡೋ ಪದ್ಧತಿ ನಮ್ಮಲ್ಲಿಲ್ಲ ಅಂತ ಸೆರಗು ಎಳ್ಕೊಂಡು ನಿಂತೆ. ಮಗನಿಗಾದ್ರೂ ಹೇಳಬಹುದಿತ್ತು. ಪದ್ಧತಿ ಅಲ್ಲ, ಅಂಜಿಕೆ.

ಓದಿದೆಯಲ್ಲ, ಈಗ ಹೇಳು. ಆ ಕೀಲಿ ಅವನಿಗೆ ವಾಪಸ್ ಕೊಡ್ಸಕೆ ನಾನು ಎಲ್ಲಿಂದ ಮಾತು ತೆಗೀಲಿ? ಬರೋ ತಿಂಗಳು ಹುಟ್ಟೋದ್ರೊಳಗೆ ಇಲ್ಲೇ ಕೆಳಗೆ ಉತ್ತರ ಬರಿ.